ತೋಟದ ರೆಪೊಸಿಟರಿಯಿಂದ ಮಳೆಯ ಲೆಕ್ಕವನ್ನು ಮಾತ್ರ ಹೊರಗೆ ಕೊಡುವುದು ಹೇಗೆ?

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನಲ್ಲಿ ನಮಗೊಂದು ಕಾಫಿ ತೋಟವಿದೆ. ತಂದೆಯವರು ದಿನವೂ ಬರೆದಿಟ್ಟ ಮಳೆಯ ಲೆಕ್ಕವನ್ನು ನಾನು ವರ್ಷಕ್ಕೊಂದರಂತೆ ಸಿಎಸ್‌ವಿ ಕಡತಗಳಾಗಿ ಟೈಪಿಸಿ, ‘ತೋಟ’ ಎಂಬ ಖಾಸಗಿ ಗಿಟ್ ರೆಪೊಸಿಟರಿಯ (ಕಡತಗಳನ್ನೂ ಅವುಗಳ ಬದಲಾವಣೆಯ ಇತಿಹಾಸವನ್ನೂ ಒಟ್ಟಿಗೆ ಇಡುವ ಸಂಗ್ರಹದ) ‘ಮಳೆ’ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಅದೇ ರೆಪೊಸಿಟರಿಯಲ್ಲಿ ಕಾರ್ಮಿಕರ ಚೆಕ್‌ರೋಲ್ (ಹಾಜರಿ-ಕೂಲಿಯ ಪಟ್ಟಿ) ಮತ್ತು ತೋಟದ ಖರ್ಚುವೆಚ್ಚವೂ ಇದೆ. ‘ಮಳೆ’ ಫೋಲ್ಡರ್ ಮಾತ್ರ ‘ಮಳೆಲೆಕ್ಕ’ ಎಂಬ ಸಾರ್ವಜನಿಕ ರೆಪೊಸಿಟರಿಯಲ್ಲಿ ಸದಾ ಇದ್ದಂತೆಯೇ ಕಾಣಬೇಕು. ಇಡೀ ರೆಪೊಸಿಟರಿಯನ್ನು ನಕಲು ಮಾಡಿ ಚೆಕ್‌ರೋಲನ್ನು ಅಳಿಸಿಬಿಟ್ಟರೆ ಸಾಕೇ, ಕಡತಗಳನ್ನು ನಕಲಿಸುವ ಆರ್‌ಸಿಂಕ್ ಬಳಸಬೇಕೇ, ಅಥವಾ ಬೇರೆ ದಾರಿಯಿದೆಯೇ? ಅಕ್ಕಪಕ್ಕದ ತೋಟದವರು ಸಾರ್ವಜನಿಕ ಪ್ರತಿಯಲ್ಲಿ ತಪ್ಪು ತಿದ್ದಿದರೆ ಅದು ನನ್ನ ಮೂಲಕ್ಕೆ ಬರುವುದು ಹೇಗೆ?

ಉತ್ತರ: ನಿಮ್ಮ ಮೊದಲ ಯೋಚನೆಯನ್ನು ಇನ್ನೂ ಕಾರ್ಯಕ್ಕೆ ಇಳಿಸಿಲ್ಲವೆಂದು ನಂಬಿ ಮೊದಲು ಅದಕ್ಕೇ ಉತ್ತರಿಸುತ್ತೇನೆ, ಏಕೆಂದರೆ ಉಳಿದ ಯಾವ ತಪ್ಪನ್ನಾದರೂ ಆಮೇಲೆ ತಿದ್ದಬಹುದು, ಇದನ್ನು ತಿದ್ದುವುದು ಬಹಳ ಕಷ್ಟ. ಗಿಟ್‌ನಲ್ಲಿ ಒಂದು ಕಡತವನ್ನು ಅಳಿಸಿ ಕಮಿಟ್ ಮಾಡಿದರೆ, ಎಂದರೆ ಆ ಹೊತ್ತಿನ ಸ್ಥಿತಿಯನ್ನು ದಾಖಲಿಸಿದರೆ, ಅದು ಆ ಕಮಿಟ್‌ನಿಂದ ಮುಂದಕ್ಕೆ ಕಾಣಿಸುವುದಿಲ್ಲ, ಅಷ್ಟೇ; ಹಿಂದಿನ ಪ್ರತಿಯೊಂದು ಕಮಿಟ್‌ನಲ್ಲೂ ಅದು ಹಾಗೆಯೇ ಉಳಿದಿರುತ್ತದೆ, ರೆಪೊಸಿಟರಿಯನ್ನು ಕ್ಲೋನ್ (ಇತಿಹಾಸಸಮೇತ ನಕಲು) ಮಾಡಿಕೊಂಡ ಯಾರು ಬೇಕಾದರೂ ಹಿಂದಿನ ಕಮಿಟ್‌ಗೆ ಹೋಗಿ ತೆರೆದು ಓದಬಹುದು. ನಿಮ್ಮ ಚೆಕ್‌ರೋಲಿನಲ್ಲಿ ಹೆಸರು, ಹಾಜರಿ, ಮುಂಗಡ, ಬಹುಶಃ ಬ್ಯಾಂಕ್ ಖಾತೆಯ ಸಂಖ್ಯೆಯೂ ಇರುತ್ತದೆ. ಅವು ನಿಮ್ಮ ಮನೆಯ ಮಾಹಿತಿಯಲ್ಲ; ನಿಮ್ಮನ್ನು ನಂಬಿ ಕೊಟ್ಟವರ ಮಾಹಿತಿ. ಗಿಟ್ ಫಿಲ್ಟರ್-ರೆಪೊ ಎಂಬ ಉಪಕರಣದಿಂದ ಇತಿಹಾಸವನ್ನೇ ಹೊಸದಾಗಿ ಬರೆದು ಒಂದು ಫೋಲ್ಡರನ್ನು ಬುಡಸಮೇತ ತೆಗೆಯಬಹುದು ನಿಜ, ಆದರೆ ಅಷ್ಟರಲ್ಲಿ ಯಾರಾದರೂ ಕ್ಲೋನ್ ಮಾಡಿಕೊಂಡಿದ್ದರೆ ಅವರ ಕಂಪ್ಯೂಟರಿನಲ್ಲಿರುವ ಪ್ರತಿಯನ್ನು ಅದು ಮುಟ್ಟಲಾರದು. ಆದ್ದರಿಂದ ‘ಮಳೆಲೆಕ್ಕ’ವು ‘ತೋಟ’ದ ನಕಲಾಗಿ ಹುಟ್ಟಬಾರದು. ಅದು ಖಾಲಿ ರೆಪೊಸಿಟರಿಯಾಗಿ ಹುಟ್ಟಿ, ನಿಮಗೆ ಬೇಕಾದ ಫೋಲ್ಡರಿನ ಹೂರಣವನ್ನಷ್ಟೇ ಪಡೆಯಬೇಕು.

ಮುಂದಿನದಕ್ಕೆ ಮೊದಲು ಒಂದು ಸೂಚನೆ. ಇಲ್ಲಿ ಆಜ್ಞೆಗಳನ್ನು ಉಚ್ಚಾರಕ್ಕೆ ಅನುಸಾರವಾಗಿ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು. ‘ತೋಟ’, ‘ಮಳೆಲೆಕ್ಕ’, ‘ಮಳೆ’ ಎಂಬ ಹೆಸರುಗಳು ಮಾತ್ರ ನೀವು ಇಟ್ಟಂತೆ ಕನ್ನಡದಲ್ಲೇ ಇರಲಿ.

ನೀವು ಬಯಸುವಂಥ ಪ್ರತಿಬಿಂಬಕ್ಕೆ ಮಿರರ್ ಎನ್ನುವುದುಂಟು, ಆದರೆ ಆ ಮಾತಿಗೆ ಗಿಟ್‌ನಲ್ಲಿ ನಿರ್ದಿಷ್ಟವಾದ ಅರ್ಥವಿದೆ. ‘ಗಿಟ್ ಕ್ಲೋನ್ --ಮಿರರ್’ ಎಂದರೆ ಎಲ್ಲ ಬ್ರಾಂಚು, ಎಲ್ಲ ಟ್ಯಾಗು, ಅವುಗಳ ಸಂಪೂರ್ಣ ಇತಿಹಾಸ ಒಟ್ಟಾಗಿ ಬರುತ್ತದೆ. ಪುಷ್ ಎಂದರೆ ಇಲ್ಲಿನ ಕಮಿಟ್‌ಗಳನ್ನು ಇನ್ನೊಂದು ರೆಪೊಸಿಟರಿಗೆ ಕಳಿಸುವುದು; ‘ಗಿಟ್ ಪುಷ್ --ಮಿರರ್’ ಇನ್ನೂ ಕಠಿಣವಾದದ್ದು: ಈ ಕಡೆ ಇಲ್ಲದ ಬ್ರಾಂಚು ಆ ಕಡೆ ಇದ್ದರೆ ಅದನ್ನು ಅಳಿಸುತ್ತದೆ, ಎರಡೂ ಕಡೆ ಬೇರೆಬೇರೆಯಾಗಿದ್ದರೆ ಈ ಕಡೆಯದನ್ನೇ ಬಲವಂತವಾಗಿ ಕೂರಿಸುತ್ತದೆ. ಒಂದು ಸರ್ವರಿನಿಂದ ಇನ್ನೊಂದಕ್ಕೆ ಇಡೀ ರೆಪೊಸಿಟರಿಯನ್ನು ಸಾಗಿಸುವವರಿಗೆ ಇದು ಸರಿಯಾದ ಸಾಧನ. ನಿಮಗಲ್ಲ. ನಿಮಗೆ ಬೇಕಿರುವುದು ಒಂದು ಫೋಲ್ಡರಿನ ಇಂದಿನ ಸ್ಥಿತಿಯ ಪ್ರತಿಬಿಂಬವೇ ಹೊರತು ರೆಪೊಸಿಟರಿಯ ಪ್ರತಿಬಿಂಬವಲ್ಲ. ಇವೆರಡರ ನಡುವಿನ ವ್ಯತ್ಯಾಸ ಮನಸ್ಸಿಗೆ ಬಂದರೆ ಉಪಕರಣದ ಆಯ್ಕೆ ತಾನಾಗಿ ಆಗುತ್ತದೆ.

‘ಗಿಟ್ ಸಬ್‌ಟ್ರೀ ಸ್ಪ್ಲಿಟ್’ ಎಂಬುದನ್ನೂ ಹಲವರು ಸೂಚಿಸುತ್ತಾರೆ. ಅದು ಒಂದು ಫೋಲ್ಡರಿಗೆ ಸಂಬಂಧಿಸಿದ ಕಮಿಟ್‌ಗಳನ್ನಷ್ಟೇ ಆರಿಸಿ ಬೇರೆ ಬ್ರಾಂಚಾಗಿ ಕಟ್ಟಿಕೊಡುತ್ತದೆ, ಚೆಕ್‌ರೋಲಿನ ಕಡತಗಳು ಅದರೊಂದಿಗೆ ಹೋಗುವುದಿಲ್ಲ. ಆದರೆ ಆ ಕಮಿಟ್‌ಗಳ ಸಂದೇಶಗಳು ಹಾಗೆಯೇ ಹೋಗುತ್ತವೆ. ‘ಜುಲೈ ಮಳೆ ಸೇರಿಸಿದೆ, ಇಂಥವರ ಮುಂಗಡ ತಿದ್ದಿದೆ’ ಎಂದು ಒಂದೇ ಕಮಿಟ್‌ನಲ್ಲಿ ಎರಡು ಕೆಲಸ ಬರೆದ ದಿನ ನಿಮ್ಮ ಇತಿಹಾಸದಲ್ಲಿ ಒಂದಾದರೂ ಇದ್ದೇ ಇರುತ್ತದೆ. ಸಂದೇಶಗಳನ್ನೆಲ್ಲ ಓದಿ ನೋಡುವ ತಾಳ್ಮೆ ಇಲ್ಲದಿದ್ದರೆ ಈ ದಾರಿ ಬೇಡವೆಂಬುದು ನನ್ನ ಅಭಿಪ್ರಾಯ.

ಇನ್ನು ಆರ್‌ಸಿಂಕ್. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಇದನ್ನು ಹೊರತಂದರು. ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆದದ್ದು 2005ರಲ್ಲಿ. ಆರ್‌ಸಿಂಕ್‌ಗೆ ಕಮಿಟ್ ಎಂದರೇನೆಂದು ಗೊತ್ತಿಲ್ಲ. ಅದಕ್ಕೆ ಕಾಣುವುದು ಡಿಸ್ಕಿನ ಮೇಲಿರುವ ಕಡತಗಳು ಮಾತ್ರ. ನೀವು ಅರ್ಧ ಟೈಪಿಸಿ ಬಿಟ್ಟ ಈ ವರ್ಷದ ಕಡತ, ಎಡಿಟರ್ ಬಿಟ್ಟುಹೋದ ತಾತ್ಕಾಲಿಕ ಪ್ರತಿ, ಫೋಲ್ಡರಿನಲ್ಲಿ ಮರೆತು ಉಳಿದ ಬೇರೆ ಟಿಪ್ಪಣಿ, ಇವೆಲ್ಲವೂ ಅದರ ಕಣ್ಣಿಗೆ ಸಮಾನ. ಇದಕ್ಕಿಂತ ಅಪಾಯಕಾರಿಯಾದದ್ದು ಗುರಿಯ ಹೆಸರನ್ನು ತಪ್ಪಾಗಿ ಬರೆಯುವುದು. ‘ಆರ್‌ಸಿಂಕ್ -ಎ --ಡಿಲೀಟ್ ತೋಟ/ಮಳೆ/ ಮಳೆಲೆಕ್ಕ/ಮಳೆ/’ ಎನ್ನಬೇಕಾದಲ್ಲಿ ಕೊನೆಯ ‘ಮಳೆ/’ ಬಿಟ್ಟುಹೋಗಿ ‘ಮಳೆಲೆಕ್ಕ/’ ಎಂದಷ್ಟೇ ಬರೆದರೆ, ಮೂಲದಲ್ಲಿ ಇಲ್ಲದ್ದನ್ನೆಲ್ಲ ಗುರಿಯಲ್ಲಿ ಅಳಿಸಬೇಕೆಂಬ ಆದೇಶ ಸಾರ್ವಜನಿಕ ರೆಪೊಸಿಟರಿಯ ಬುಡಕ್ಕೇ ಅನ್ವಯಿಸಿ, ಓದುಗರಿಗಾಗಿ ಬರೆದ ಪರಿಚಯದ ಕಡತದೊಂದಿಗೆ, ಇತಿಹಾಸವೆಲ್ಲ ಇರುವ ‘.ಗಿಟ್’ ಫೋಲ್ಡರೂ ಹೋಗುತ್ತದೆ. ನಾನು ಒಮ್ಮೆ ಇದೇ ತಪ್ಪನ್ನು ಮಾಡಿದ್ದೇನೆ. ಆಗಸ್ಟಿನ ಮಳೆಯಲ್ಲಿ ಎರಡು ದಿನ ಇಂಟರ್‌ನೆಟ್ ಇಲ್ಲದೆ, ಪುಷ್ ಮಾಡದೆ ಉಳಿದಿದ್ದ ಒಂದು ವಾರದ ಕೆಲಸ ಆ ಒಂದು ಸಾಲಿನಿಂದ ಹೋಯಿತು. ಅಂದಿನಿಂದ ‘--ಡಿಲೀಟ್’ ಇರುವ ಯಾವ ಸಾಲನ್ನೂ ಮೊದಲು ‘--ಡ್ರೈ-ರನ್’ ಸೇರಿಸಿ ನೋಡದೆ ಓಡಿಸಿಲ್ಲ.

ಹಾಗಾದರೆ ಯಾವುದನ್ನು ಬಳಸಬೇಕು? ನಾನು ಸೂಚಿಸುವುದು ‘ಗಿಟ್ ಆರ್ಕೈವ್’. ಗಿಟ್ ಜೊತೆಗೇ ಬರುವ ಈ ಆಜ್ಞೆ, ನೀವು ಹೇಳಿದ ಕಮಿಟ್‌ನಲ್ಲಿ ಒಂದು ಫೋಲ್ಡರ್ ಹೇಗಿತ್ತೋ ಹಾಗೆಯೇ ಅದನ್ನು ಒಂದು ಟಾರ್ ಕಡತವಾಗಿ ಕಟ್ಟಿಕೊಡುತ್ತದೆ. ಕಮಿಟ್ ಆಗದ ಯಾವುದೂ ಅದರೊಳಗೆ ಬರುವುದಿಲ್ಲ, ಇತಿಹಾಸವೂ ಬರುವುದಿಲ್ಲ. ಎರಡೂ ರೆಪೊಸಿಟರಿಗಳು ಅಕ್ಕಪಕ್ಕದಲ್ಲಿವೆ ಎಂದು ಭಾವಿಸಿದರೆ, ಮೊದಲು ಹೀಗೆ ಕಟ್ಟಿಟ್ಟುಕೊಳ್ಳಿ:

ಗಿಟ್ -ಸಿ ತೋಟ ಆರ್ಕೈವ್ -ಒ /ಟಿಎಂಪಿ/ಮಳೆ.ಟಾರ್ ಮೇನ್ ಮಳೆ

ಇಲ್ಲಿನ ‘-ಸಿ’ ದೊಡ್ಡಕ್ಷರದ್ದು. ಆ ಫೋಲ್ಡರಿಗೆ ಹೋಗಿ ಕೆಲಸ ಮಾಡು ಎಂದು ಅದರ ಅರ್ಥ. ಕೆಳಗಿನ ‘-ಸಿ’ಗಳೂ ‘ಆ್ಯಡ್’ನ ‘-ಎ’ಯೂ ದೊಡ್ಡಕ್ಷರದವೇ. ‘ಮೇನ್’ ಎಂಬುದು ಮುಖ್ಯ ಬ್ರಾಂಚಿನ ಹೆಸರು. ಈ ಹೆಜ್ಜೆ ಯಶಸ್ವಿಯಾದರೆ ಮಾತ್ರ ಮುಂದಿನವುಗಳಿಗೆ ಹೋಗಬೇಕು:

ಗಿಟ್ -ಸಿ ಮಳೆಲೆಕ್ಕ ಆರ್‌ಎಂ -ಆರ್ -ಕ್ಯೂ --ಇಗ್ನೋರ್-ಅನ್‌ಮ್ಯಾಚ್ ಮಳೆ
ಟಾರ್ -ಎಕ್ಸ್‌ಎಫ್ /ಟಿಎಂಪಿ/ಮಳೆ.ಟಾರ್ -ಸಿ ಮಳೆಲೆಕ್ಕ
ಗಿಟ್ -ಸಿ ಮಳೆಲೆಕ್ಕ ಆ್ಯಡ್ -ಎ ಮಳೆ

ಹಳೆಯದನ್ನು ಮೊದಲು ತೆಗೆಯುವುದಕ್ಕೆ ಕಾರಣವಿದೆ. ನೀವು ಮೂಲದಲ್ಲಿ ಒಂದು ಕಡತವನ್ನು ಅಳಿಸಿದ್ದರೆ ಅಥವಾ ಹೆಸರು ಬದಲಿಸಿದ್ದರೆ, ಬರೀ ಮೇಲಿಂದ ಬಿಚ್ಚಿ ಸುರಿದರೆ ಹಳೆಯ ಕಡತ ಅಲ್ಲೇ ಉಳಿದು, ಪ್ರತಿಬಿಂಬದಲ್ಲಿ ಮೂಲಕ್ಕಿಂತ ಹೆಚ್ಚಿನದು ಕಾಣತೊಡಗುತ್ತದೆ. ಟಾರ್ ಕಡತವನ್ನು ಪೈಪಿನ ಮೂಲಕ ನೇರವಾಗಿ ಕಳಿಸದೆ ಡಿಸ್ಕಿನಲ್ಲಿ ಕಟ್ಟಿಡಲು ಹೇಳಿದ್ದಕ್ಕೂ ಕಾರಣವಿದೆ: ಹಳೆಯದನ್ನು ತೆಗೆದ ಮೇಲೆ ಹೊಸದು ಅರ್ಧದಲ್ಲಿ ನಿಂತರೆ, ಸ್ಕ್ರಿಪ್ಟು ಆ ಅರ್ಧವನ್ನೇ ಕಮಿಟ್ ಮಾಡಿ ಹೊರಗೆ ಕಳಿಸೀತು. ಇವನ್ನೆಲ್ಲ ಒಂದು ಶೆಲ್ ಸ್ಕ್ರಿಪ್ಟಾಗಿ ಬರೆಯುವಾಗ ಮೊದಲ ಸಾಲಿನಲ್ಲೇ ‘ಸೆಟ್ -ಇ’ ಹಾಕಿ. ಯಾವುದೇ ಹೆಜ್ಜೆ ಸೋತರೂ ಅಲ್ಲಿಗೇ ನಿಲ್ಲುತ್ತದೆ.

ನಂತರ ‘ಗಿಟ್ ಡಿಫ್ --ಕ್ಯಾಶ್ಡ್ --ಕ್ವೈಟ್’ ಏನಾದರೂ ಬದಲಾವಣೆ ಇದೆ ಎಂದು ಹೇಳಿದರೆ ಮಾತ್ರ ಕಮಿಟ್ ಮಾಡಬೇಕು. ಆ ಕಮಿಟ್‌ನ ಸಂದೇಶದಲ್ಲಿ ‘ಮೂಲ:’ ಎಂದು ಬರೆದು, ‘ತೋಟ’ದ ಯಾವ ಕಮಿಟ್‌ನಿಂದ ಇದನ್ನು ತೆಗೆಯಲಾಯಿತೋ ಅದರ 40 ಅಂಕಿ-ಅಕ್ಷರಗಳ ಗುರುತನ್ನು ನಮೂದಿಸಿ. ಗೂಗಲ್ ಹೊರತಂದಿರುವ ಕಾಪಿಬಾರಾ ಎಂಬ ಉಪಕರಣ ಇದೇ ತಂತ್ರವನ್ನು ಬಳಸುತ್ತದೆ: ಎಲ್ಲಿಯವರೆಗೆ ಸಾಗಿಸಿದ್ದೇನೆಂಬ ಲೆಕ್ಕವನ್ನು ಬೇರೆಲ್ಲೋ ಇಡದೆ, ಗುರಿಯ ಕಮಿಟ್ ಸಂದೇಶದಲ್ಲೇ ಒಂದು ಸಾಲಾಗಿ ಬರೆದಿಡುತ್ತದೆ. ಹಲವರು ಸೇರಿ ಕೆಲಸ ಮಾಡುವ, ಸಾಗಿಸುವಾಗಲೇ ಕಡತಗಳ ಹೆಸರು ಮತ್ತು ಒಳಪಠ್ಯವನ್ನು ಬದಲಿಸಬೇಕಾದ ಕಡೆ ಕಾಪಿಬಾರಾ ಬಹಳ ಉಪಯುಕ್ತ. ಒಂದು ತೋಟದ ಒಂದು ಫೋಲ್ಡರಿಗಾಗಿ ಜಾವಾವನ್ನು ಸ್ಥಾಪಿಸಿ ಕಾಪಿಬಾರಾದ ಸಂರಚನಾ ಭಾಷೆಯನ್ನು ಕಲಿಯಬೇಕಾಗಿಲ್ಲ. ಅದರ ಈ ಒಂದು ಪದ್ಧತಿಯನ್ನು ಎರವಲು ಪಡೆದರೆ ಸಾಕು.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಪ್ರತಿಬಿಂಬ ಸರಿಯಾಗಿದೆಯೆಂದು ನಿಮಗೆ ತಿಳಿಯುವುದು ಹೇಗೆ? ಬಹಳ ಜನ ನಾಲ್ಕಾರು ಕಡತಗಳನ್ನು ತೆರೆದು ಕಣ್ಣಾಡಿಸಿ ತೃಪ್ತರಾಗುತ್ತಾರೆ. ಗಿಟ್‌ನಲ್ಲಿ ಇದಕ್ಕಿಂತ ಉತ್ತಮವಾದ, ಸಂದೇಹಕ್ಕೆಡೆಯಿಲ್ಲದ ಉಪಾಯವಿದೆ. ಗಿಟ್ ಪ್ರತಿಯೊಂದು ಕಡತಕ್ಕೂ ಅದರೊಳಗಿನ ಪಠ್ಯದಿಂದಲೇ ಒಂದು ಗುರುತನ್ನು ಲೆಕ್ಕ ಹಾಕುತ್ತದೆ; ಫೋಲ್ಡರಿಗೂ ಹಾಗೆಯೇ, ಒಳಗಿರುವ ಕಡತಗಳ ಹೆಸರು, ಅನುಮತಿ ಮತ್ತು ಗುರುತುಗಳನ್ನು ಸೇರಿಸಿ ಇನ್ನೊಂದು ಗುರುತು ಹುಟ್ಟುತ್ತದೆ. ಅದರಲ್ಲಿ ರೆಪೊಸಿಟರಿಯ ಹೆಸರಿಲ್ಲ, ದಿನಾಂಕವಿಲ್ಲ, ಬರೆದವರ ಹೆಸರಿಲ್ಲ. ಆದ್ದರಿಂದ

ಗಿಟ್ -ಸಿ ತೋಟ ರೆವ್-ಪಾರ್ಸ್ ಮೇನ್:ಮಳೆ
ಗಿಟ್ -ಸಿ ಮಳೆಲೆಕ್ಕ ರೆವ್-ಪಾರ್ಸ್ ಮೇನ್:ಮಳೆ

ಎಂಬ ಎರಡು ಆಜ್ಞೆಗಳು ಒಂದೇ ಗುರುತನ್ನು ಕೊಟ್ಟರೆ, ಇತಿಹಾಸ ಬೇರೆಯಾಗಿದ್ದರೂ ಎರಡು ಫೋಲ್ಡರುಗಳ ಹೂರಣ ಅಕ್ಷರಶಃ ಒಂದೇ ಎಂದು ನೀವು ನೆಮ್ಮದಿಯಿಂದ ಹೇಳಬಹುದು. ಈ ಹೋಲಿಕೆ ಸ್ಕ್ರಿಪ್ಟಿನೊಳಗೇ ಇರಬೇಕು: ಕಮಿಟ್ ಆದ ಮೇಲೆ, ಪುಷ್ ಆಗುವ ಮೊದಲು. ಎರಡು ಗುರುತುಗಳು ಬೇರೆಯಾದರೆ ಪುಷ್ ಆಗಬಾರದು.

ಬೇರೆಯಾಗುವುದು ಯಾವಾಗ? ಸಾಮಾನ್ಯವಾದದ್ದು ‘.ಗಿಟ್‌ಇಗ್ನೋರ್’. ಸಾರ್ವಜನಿಕ ರೆಪೊಸಿಟರಿಯನ್ನು ಯಾವುದೋ ಸಿದ್ಧ ಮಾದರಿಯಿಂದ ಆರಂಭಿಸಿದ್ದು, ಅದರಲ್ಲಿ ಸಿಎಸ್‌ವಿ ಕಡತಗಳನ್ನು ಕಡೆಗಣಿಸು ಎಂಬ ಸಾಲು ಇದ್ದರೆ, ‘ಆ್ಯಡ್’ ಆಜ್ಞೆ ನಿಮ್ಮ ಕಡತಗಳನ್ನು ಮೌನವಾಗಿ ಬಿಟ್ಟುಬಿಡುತ್ತದೆ. ಎರಡನೆಯದು ಸಾಲಿನ ಕೊನೆಯ ಗುರುತು: ವಿಂಡೋಸ್‌ನಲ್ಲಿ ಟೈಪಿಸಿದ ಕಡತಗಳಲ್ಲಿ ಸಾಲು ಮುಗಿಯುವುದು ಎರಡು ಬೈಟುಗಳಿಂದ, ಲಿನಕ್ಸಿನಲ್ಲಿ ಒಂದರಿಂದ, ಈ ಕುರಿತ ನಿಯಮ ‘.ಗಿಟ್‌ಆ್ಯಟ್ರಿಬ್ಯೂಟ್ಸ್’ ಕಡತದಲ್ಲಿ ಎರಡೂ ಕಡೆ ಒಂದೇ ಆಗಿರಬೇಕು.

ಮೂರನೆಯದು ನಮ್ಮ ಲಿಪಿಗೆ ಸಂಬಂಧಿಸಿದ್ದು, ಇಂಗ್ಲಿಷ್ ಕೈಪಿಡಿಗಳನ್ನು ಓದಿದವರಿಗೆ ಹೊಳೆಯದಿರುವಂಥದ್ದು. ಯೂನಿಕೋಡಿನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಬಹುದು. ‘ಕೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರಚಿಹ್ನೆಗಳ ಜೋಡಿಯಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಬೈಟುಗಳು ಬೇರೆ. ದೀರ್ಘ ಏತ್ವ, ಐತ್ವ, ಓತ್ವ ಮತ್ತು ದೀರ್ಘ ಈತ್ವಗಳಿಗೂ ಇದು ಅನ್ವಯಿಸುತ್ತದೆ. ಕೊಡಗಿನ ಐದು ತಾಲ್ಲೂಕುಗಳ ಹೆಸರನ್ನೇ ನೋಡಿ: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಪೊನ್ನಂಪೇಟೆ, ಈ ನಾಲ್ಕರಲ್ಲೂ ಇಂಥ ಚಿಹ್ನೆಯಿದೆ, ಕುಶಾಲನಗರ ಒಂದರಲ್ಲಿ ಮಾತ್ರ ಇಲ್ಲ. ಊರಿನ ಹೆಸರಿನಿಂದ ಕಡತಗಳನ್ನು ಹೆಸರಿಸಿ, ಒಬ್ಬರು ಹಳೆಯ ಮ್ಯಾಕ್ ಕಂಪ್ಯೂಟರಿನಲ್ಲಿ, ಇನ್ನೊಬ್ಬರು ಲಿನಕ್ಸಿನಲ್ಲಿ ಕೆಲಸ ಮಾಡಿದರೆ, ಒಂದೇ ಹೆಸರಿನ ಎರಡು ಕಡತಗಳು ಕಾಣಿಸಿಕೊಂಡು ತಲೆ ಕೆಡುತ್ತದೆ. ಮ್ಯಾಕ್‌ನಲ್ಲಿ ‘ಕೋರ್.ಪ್ರಿಕಂಪೋಸ್‌ಯೂನಿಕೋಡ್’ ಎಂಬ ಗಿಟ್ ಸೆಟ್ಟಿಂಗನ್ನು ಚಾಲೂ ಇಟ್ಟರೆ ಹೆಸರುಗಳು ಒಂದೇ ರೂಪಕ್ಕೆ ಬರುತ್ತವೆ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಮಾತು. ‘ಗಿಟ್ ಸ್ಟೇಟಸ್’ ಓಡಿಸಿದಾಗ ‘ಮಳೆ’ ಎಂಬ ಹೆಸರಿನ ಬದಲು \340\262\256\340\262\263\340\263\206 ಎಂದು ಕಂಡರೆ ಗಾಬರಿಯಾಗಬೇಡಿ. ಮ, ಳ, ಎತ್ವ, ಈ ಮೂರಕ್ಕೂ ತಲಾ ಮೂರು ಬೈಟುಗಳಂತೆ ಒಟ್ಟು ಒಂಬತ್ತನ್ನು ಗಿಟ್ ಅಷ್ಟಮಾನ ಪದ್ಧತಿಯಲ್ಲಿ ತೋರಿಸುತ್ತಿದೆ; ಕಡತಕ್ಕೆ ಏನೂ ಆಗಿಲ್ಲ. ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್’ ಎಂದರೆ ಹೆಸರು ಕನ್ನಡದಲ್ಲೇ ಕಾಣುತ್ತದೆ.

ಅಕ್ಕಪಕ್ಕದವರ ತಿದ್ದುಪಡಿಯ ಪ್ರಶ್ನೆಗೆ ಬರೋಣ. ಪ್ರತಿಬಿಂಬಕ್ಕೆ ದಿಕ್ಕು ಒಂದೇ. ‘ತೋಟ’ವೇ ಮೂಲ, ‘ಮಳೆಲೆಕ್ಕ’ವು ಅದರ ಬಿಂಬ ಎಂದು ನಿರ್ಧರಿಸಿದ ಮೇಲೆ, ಬಿಂಬದ ‘ಮಳೆ’ ಫೋಲ್ಡರಿನಲ್ಲಿ ಯಾರೂ, ನೀವೂ ಸಹ, ನೇರವಾಗಿ ತಿದ್ದಬಾರದು. ತಿದ್ದಿದರೆ ಮುಂದಿನ ಸಲ ಸ್ಕ್ರಿಪ್ಟು ಓಡಿದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ, ಅದೂ ಯಾವ ಎಚ್ಚರಿಕೆಯೂ ಇಲ್ಲದೆ. ಯಾರೋ ತಮ್ಮ ಮನೆಯ ಹಳೆಯ ಪುಸ್ತಕ ತೆಗೆದು, ಒಂದು ಜೂನ್ ತಿಂಗಳನ್ನು ಹೋಲಿಸಿ ನೋಡಿ ಕಳಿಸಿದ ತಿದ್ದುಪಡಿ ಹಾಗೆ ಕಾಣೆಯಾದರೆ ಅವರು ಮತ್ತೆ ಕಳಿಸಲಾರರು. ಅವರ ಬದಲಾವಣೆಯನ್ನು ‘ಗಿಟ್ ಫಾರ್ಮ್ಯಾಟ್-ಪ್ಯಾಚ್’ ಆಜ್ಞೆಯಿಂದ ಒಂದು ಪ್ಯಾಚ್ ಕಡತವಾಗಿ ತೆಗೆದುಕೊಂಡು, ‘ತೋಟ’ದಲ್ಲಿ ‘ಗಿಟ್ ಎಎಂ’ ಮೂಲಕ ಹಚ್ಚಿ. ಎರಡೂ ಕಡೆ ಫೋಲ್ಡರಿನ ಹೆಸರು ‘ಮಳೆ’ ಎಂದೇ ಇರುವುದರಿಂದ ಅದು ನೇರವಾಗಿ ಕೂರುತ್ತದೆ, ತಿದ್ದಿದವರ ಹೆಸರೂ ಕಮಿಟ್‌ನಲ್ಲಿ ಉಳಿಯುತ್ತದೆ. ಆಮೇಲೆ ಎಂದಿನಂತೆ ಪ್ರತಿಬಿಂಬವನ್ನು ಹೊಸದು ಮಾಡಿ, ಹೊರಗಿನ ಕಮಿಟ್ ಸಂದೇಶದ ಕೊನೆಯಲ್ಲಿ ‘ಕೋ-ಆಥರ್ಡ್-ಬೈ’ ಸಾಲಿನಲ್ಲಿ ಅವರ ಹೆಸರನ್ನೂ ಇಮೇಲನ್ನೂ ಸೇರಿಸಿ; ರೆಪೊಸಿಟರಿಗಳನ್ನು ಅಂತರಜಾಲದಲ್ಲಿ ಇಡುವ ತಾಣವಾದ ಗಿಟ್‌ಹಬ್ ಅದನ್ನು ಗುರುತಿಸಿ ಅವರನ್ನೂ ಸಹಲೇಖಕರೆಂದು ತೋರಿಸುತ್ತದೆ.

ಅಷ್ಟಾದರೂ ಯಾರಾದರೂ ಮರೆತು ನೇರವಾಗಿ ತಿದ್ದಬಹುದು. ಅದಕ್ಕಾಗಿ ಸ್ಕ್ರಿಪ್ಟಿನ ಆರಂಭದಲ್ಲಿ ಒಂದು ಕಾವಲು ಇಡಿ. ಮೊದಲು ‘ಮಳೆಲೆಕ್ಕ’ದಲ್ಲಿ ಪುಲ್ ಮಾಡಿ, ಕೊನೆಯ ‘ಮೂಲ:’ ಸಾಲಿನಲ್ಲಿರುವ ಕಮಿಟ್‌ನ ಗುರುತನ್ನು ಓದಿ. ‘ತೋಟ’ದ ಆ ಕಮಿಟ್‌ನಲ್ಲಿ ‘ಮಳೆ’ ಫೋಲ್ಡರಿನ ಗುರುತು ಏನಿತ್ತು, ಈಗ ‘ಮಳೆಲೆಕ್ಕ’ದಲ್ಲಿ ಏನಿದೆ ಎಂಬುದನ್ನು ಮೇಲೆ ಹೇಳಿದ ‘ರೆವ್-ಪಾರ್ಸ್’ನಿಂದಲೇ ಹೋಲಿಸಿ. ಎರಡೂ ಒಂದೇ ಆಗಿದ್ದರೆ ನಡುವೆ ಯಾರೂ ಕೈಯಿಟ್ಟಿಲ್ಲ, ಮುಂದುವರಿಯಬಹುದು. ಬೇರೆಯಾಗಿದ್ದರೆ ಸ್ಕ್ರಿಪ್ಟು ನಿಂತು ನಿಮಗೆ ಹೇಳಬೇಕು. ಸಂದೇಶದಲ್ಲಿ ಆ ಸಾಲನ್ನು ಬರೆಯಿರಿ ಎಂದದ್ದು ಇದಕ್ಕಾಗಿಯೇ.

ನಿಮ್ಮ ಪತ್ರದಲ್ಲಿಲ್ಲದ, ಆದರೆ ಮಳೆಯ ಲೆಕ್ಕ ಎಂದೊಡನೆ ಏಳುವ ಪ್ರಶ್ನೆಯೊಂದಿದೆ. ನಮ್ಮಲ್ಲಿ ತೋಟದವರು ಮಳೆಯನ್ನು ಇಂಚು ಮತ್ತು ಸೆಂಟ್ಸ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆಯುತ್ತಾರೆ, ಹೊರಗಿನ ಓದುಗರು ಮಿಲಿಮೀಟರ್ ಕೇಳುತ್ತಾರೆ. ಸಾಗಿಸುವ ಹೊತ್ತಿಗೇ ಸ್ಕ್ರಿಪ್ಟಿನಲ್ಲಿ ಪರಿವರ್ತನೆ ಮಾಡಿಬಿಡೋಣವೆಂದು ಅನ್ನಿಸುವುದು ಸಹಜ. ಹಾಗೆ ಮಾಡಬೇಡಿ. ಪರಿವರ್ತಿಸಿದ ಕ್ಷಣದಿಂದ ಎರಡು ಫೋಲ್ಡರುಗಳ ಗುರುತು ಒಂದೇ ಆಗಿರುವುದಿಲ್ಲ, ನಿಮ್ಮ ಪರೀಕ್ಷೆಯೂ ಕಾವಲೂ ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ. ಮೂಲದ ಅಂಕಿಗಳು ಇದ್ದಂತೆಯೇ ‘ಮಳೆ’ಯಲ್ಲಿ ಇರಲಿ, ‘ಮಳೆಲೆಕ್ಕ’ದಲ್ಲಿ ‘ಮಿಮೀ’ ಎಂಬ ಬೇರೆ ಫೋಲ್ಡರ್ ಮಾಡಿ, ಅಲ್ಲಿ 25.4ರಿಂದ ಗುಣಿಸಿದ ಕಡತಗಳನ್ನು ಇಡಿ. ಹೀಗಿದ್ದರೆ ಪರಿವರ್ತನೆಯ ತಪ್ಪನ್ನೂ ಯಾರು ಬೇಕಾದರೂ ಹಿಡಿಯಬಹುದು. ಅಂಥ ತಪ್ಪು ನಡೆಯುವುದು ಅಪರೂಪವಲ್ಲ: 1 ಇಂಚು 5 ಸೆಂಟ್ಸ್ ಎಂಬುದನ್ನು 1.05 ಎಂದು ಬರೆಯುವ ಬದಲು 1.5 ಎಂದು ಟೈಪಿಸಿದರೆ 26.67 ಮಿಲಿಮೀಟರ್ ಮಳೆ 38.1 ಆಗಿಬಿಡುತ್ತದೆ. ಮಾರ್ಚ್-ಏಪ್ರಿಲ್ ತಿಂಗಳ ಹೂಮಳೆಯ ದಿನ ಅಷ್ಟು ವ್ಯತ್ಯಾಸ ಸಣ್ಣದಲ್ಲವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇದೆಲ್ಲ ತಾನಾಗಿ ನಡೆಯಬೇಕೆಂದರೆ ಎರಡು ದಾರಿಗಳಿವೆ. ಮನೆಯ ಕಂಪ್ಯೂಟರಿನಲ್ಲಿ, ಹೇಳಿದ ಹೊತ್ತಿಗೆ ಆಜ್ಞೆಗಳನ್ನು ಓಡಿಸುವ ಕ್ರಾನ್ ಇಡಬಹುದು, ಆದರೆ ನಿಗದಿತ ಹೊತ್ತಿನಲ್ಲಿ ಕರೆಂಟ್ ಇಲ್ಲದಿದ್ದರೆ ಕ್ರಾನ್ ಆ ಸರದಿಯನ್ನು ಬಿಟ್ಟೇಬಿಡುತ್ತದೆ, ಮಳೆಗಾಲದಲ್ಲಿ ನಮ್ಮಲ್ಲಿ ಅದು ದಿನನಿತ್ಯದ ಮಾತು. ಸಿಸ್ಟಮ್‌ಡಿ ಟೈಮರಿನಲ್ಲಿ ‘ಪರ್ಸಿಸ್ಟೆಂಟ್’ ಎಂಬುದನ್ನು ಚಾಲೂ ಇಟ್ಟರೆ, ತಪ್ಪಿದ ಸರದಿಯನ್ನು ಕಂಪ್ಯೂಟರ್ ಮತ್ತೆ ಚಾಲೂ ಆದಾಗ ಪೂರೈಸುತ್ತದೆ. ಎರಡನೆಯ ದಾರಿ ಗಿಟ್‌ಹಬ್ ಆ್ಯಕ್ಷನ್ಸ್: ‘ತೋಟ’ದ ‘ಮಳೆ’ ಫೋಲ್ಡರಿನಲ್ಲಿ ಬದಲಾವಣೆ ಪುಷ್ ಆದಾಗ ಮಾತ್ರ ಸ್ಕ್ರಿಪ್ಟು ಅವರ ಸರ್ವರಿನಲ್ಲಿ ಓಡುವಂತೆ ಮಾಡಬಹುದು. ನನ್ನ ಒಲವು ಇದರ ಕಡೆಗೆ. ಆದರೆ ಅಲ್ಲಿ ತಾನಾಗಿ ಸಿಗುವ ಟೋಕನ್ ಅದೇ ರೆಪೊಸಿಟರಿಗೆ ಮಾತ್ರ ಸಲ್ಲುತ್ತದೆ, ಇನ್ನೊಂದಕ್ಕೆ ಬರೆಯಲಾರದು. ‘ಮಳೆಲೆಕ್ಕ’ಕ್ಕೆ ಒಂದು ಡಿಪ್ಲಾಯ್ ಕೀ (ಒಂದೇ ರೆಪೊಸಿಟರಿಯನ್ನು ತೆರೆಯುವ ಕೀಲಿಜೋಡಿ) ಮಾಡಿ, ಅದಕ್ಕೆ ಬರೆಯುವ ಅನುಮತಿ ಕೊಟ್ಟು, ಖಾಸಗಿ ಅರ್ಧವನ್ನು ‘ತೋಟ’ದ ಸೀಕ್ರೆಟ್ಸ್‌ನಲ್ಲಿ ಇಡಿ. ನಿಮ್ಮ ಖಾತೆಯ ಎಲ್ಲ ರೆಪೊಸಿಟರಿಗಳನ್ನೂ ತೆರೆಯುವ ಟೋಕನನ್ನು ಇದಕ್ಕೆ ಬಳಸಬೇಡಿ. ಡಿಪ್ಲಾಯ್ ಕೀ ಕಳೆದುಹೋದರೂ ಹಾನಿ ಮಳೆಯ ಲೆಕ್ಕಕ್ಕಷ್ಟೇ ಸೀಮಿತ. ಚೆಕ್‌ಔಟ್ ಹೆಜ್ಜೆಯಲ್ಲಿ ‘ಫೆಚ್-ಡೆಪ್ತ್’ ಅನ್ನು 0 ಎಂದು ಬರೆಯುವುದನ್ನು ಮರೆಯಬೇಡಿ, ಏಕೆಂದರೆ ಅಲ್ಲಿ ಸಹಜವಾಗಿ ಬರುವುದು ಕೊನೆಯ ಒಂದು ಕಮಿಟ್ ಮಾತ್ರ, ನಿಮ್ಮ ಕಾವಲಿಗೆ ಹಿಂದಿನ ಕಮಿಟ್‌ಗಳೂ ಬೇಕು.

ತಂದೆಯವರ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಇದೇ ‘ಮಳೆ’ ಫೋಲ್ಡರಿನಲ್ಲಿ ಇಡುವ ಆಲೋಚನೆಯಿದ್ದರೆ, ಗಿಟ್‌ಹಬ್ 50 ಎಂಬಿಗಿಂತ ದೊಡ್ಡ ಕಡತಕ್ಕೆ ಎಚ್ಚರಿಕೆ ಕೊಡುತ್ತದೆ, 100 ಎಂಬಿ ಮೀರಿದ್ದನ್ನು ತಿರಸ್ಕರಿಸುತ್ತದೆ ಎಂಬುದು ನೆನಪಿರಲಿ. ವರ್ಷದ ಪುಟಗಳನ್ನೆಲ್ಲ ಒಂದೇ ಪಿಡಿಎಫ್ ಮಾಡದೆ ತಿಂಗಳಿಗೊಂದು ಚಿತ್ರವಾಗಿ ಇಡಿ, ಮತ್ತು ‘ಮಳೆ’ಗೆ ಸೇರಿಸುವ ಮೊದಲು ಪ್ರತಿ ಪುಟದ ಅಂಚನ್ನೂ ಓದಿ ನೋಡಿ; ಮಳೆಯ ಪುಸ್ತಕದ ಬದಿಯಲ್ಲಿ ಕೂಲಿಯ ಲೆಕ್ಕ ಗೀಚಿಟ್ಟ ಪುಟಗಳನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ.